ಹುಲಿಗೆ ಒಗ್ಗರಣೆ ಹಾಕಿದ ಬಗ್ಗೆ

ಇಂದ:
ಉಚ್ಚಂಗಪ್ಪ,
ಮಕ್ಕಳ ಕಥೆಗಾರ (ಎಂದು ಇತ್ತೀಚೆಗೆ ಹೇಳುತ್ತಾರೆ),
ಉಳವಿ, ಸೊರಬ ತಾಲ್ಲೂಕು.

ಗೆ:
ಮಾನ್ಯ ಳಕಾರದವರು,
ಕೊನೆಯ ಮನೆ, ಕನ್ನಡ ವರ್ಣಮಾಲೆ.

ವಿಷಯ: ನನ್ನ ಪುಸ್ತಕದ ಇಪ್ಪತ್ತಮೂರು ಜಾಗಗಳಿಗೆ ತಾವು ದಯವಿಟ್ಟು ಬಾರದಿರುವ ಕುರಿತು.
ಉಲ್ಲೇಖ: ಕರಡು ತಿದ್ದುವ ಶಿವರಾಮ ಅವರ ಫೋನ್, ಗುರುವಾರ.

ಮಾನ್ಯರೇ,

ಒಂದು ಅಕ್ಷರಕ್ಕೆ ಅರ್ಜಿ ಬರೆಯುವಷ್ಟು ದೊಡ್ಡವನು ನಾನಲ್ಲ, ಕ್ಷಮೆ ಇರಲಿ. ಸಂಜೆ ಕಾಲೇಜಿನಲ್ಲಿ ಓದಿದವನು. ಕೊನೆಯ ಪಾಠಕ್ಕೆ ಮೊದಲೇ ಕೊನೆಯ ಬಸ್ಸು ಬರುತ್ತಿದ್ದ ಕಾರಣ ಕೊನೆಯದೆಲ್ಲ ನನಗೆ ಅಷ್ಟಕ್ಕಷ್ಟೆ. ತಾವೂ ಕೊನೆಯವರು. ಉಳವಿಯಿಂದ ಶಿರಾಳಕೊಪ್ಪಕ್ಕೆ ದಿನಾ ಹೋಗಿ ಬಂದರೂ, ಎರಡೂ ಬೋರ್ಡಿನಲ್ಲಿ ತಾವೇ ಕೂತಿದ್ದರೂ, ಬರೆಯುವಾಗಲೂ ಕೇಳುವಾಗಲೂ ತಮ್ಮನ್ನು ಲಕಾರದಿಂದ ಬೇರೆ ಮಾಡಲು ನನಗೆ ಬಾರದು. ಈ ಅರ್ಜಿಯನ್ನು ನಿಘಂಟು ಹಿಡಿದು ಮೂರು ಸಲ ತಿದ್ದಿದ್ದೇನೆ.

೧. ಹುಚ್ಚಮ್ಮಜ್ಜಿ ಎಂಬವಳು ಹುಳಿ ಮಾಡಿದ ಕಥೆ ಬರೆದೆನು. ತೊಗರಿಬೇಳೆ, ಹುಣಸೆಹಣ್ಣು, ನೆಂಟರು, ಊಟ. ಇಷ್ಟೇ ಕಥೆ. ಆದರೆ ಹುಳಿ ಇರಬೇಕಾದ ಇಪ್ಪತ್ತಮೂರು ಕಡೆಯೂ ‘ಹುಲಿ’ ಎಂದು ಬರೆದಿದ್ದೆನು.

೨. ಚಿತ್ರ ಬರೆಯಲು ಒಪ್ಪಿದ್ದ ಕುಪ್ಪಗಡ್ಡೆಯ ಬಿಂದುಶ್ರೀ ಫೋನ್ ಮಾಡಿದರು.
“ಸಾರ್, ಹುಲಿಗೆ ಒಗ್ಗರಣೆ ಹಾಕೋದು ಖಾತ್ರಿನಾ?”
“ಹಾಕ್ದಿದ್ರೆ ರುಚಿ ಎಲ್ಲಿಂದ ಬರುತ್ತೆ ರೀ?”
“ಕುದಿಯುವಾಗ ಮುಚ್ಚಳ ಹಾರಿಸ್ಲಾ?”
“ಹಾರ್ಲಿ ಬಿಡಿ, ನಮ್ಮನೇಲೂ ಹಾರುತ್ತೆ.”
“ಅಬ್ಬಾ, ಏನ್ ತಲೆ ಸಾರ್ ನಿಮ್ದು!”

೩. ಆದ್ದರಿಂದ ಪುಸ್ತಕದಲ್ಲಿ ಹಂಡೆಯೊಳಗೆ ಹುಲಿ ಕೂತಿದೆ, ತಲೆಯ ಮೇಲೆ ಕರಿಬೇವು. ಒಂಬತ್ತನೇ ಪುಟದಲ್ಲಿ ಸಾಸಿವೆ ಸಿಡಿದು ಸೀನುತ್ತದೆ. ನೆಂಟರು ಓಡುತ್ತಾರೆ. ಕಡೆಗೆ ಅಜ್ಜಿಯೂ ಹುಲಿಯೂ ಒಂದೇ ಎಲೆಯಲ್ಲಿ ಹಪ್ಪಳ ಮುರಿಯುತ್ತಾರೆ. ಮೊದಲ ಪ್ರತಿ ಬಿಚ್ಚಿ ನೋಡಿದವನು ಬಸ್‌ಸ್ಟ್ಯಾಂಡಿನ ನೆಲದ ಮೇಲೆ ಕೂತುಬಿಟ್ಟೆನು.

೪. ಮಕ್ಕಳು ಪುಸ್ತಕ ಕೆಳಗಿಡುತ್ತಿಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಕುರಿ ಸಾಕುವ ಗುತ್ಯಮ್ಮ ನನ್ನ ಚೀಲ ಹಿಡಿದು ನಿಲ್ಲಿಸಿದರು.
“ಏನ್ರೀ, ಕುರಿ ಸಾಕೋರ ಮನಿಗೆ ಹುಲಿ ಬಿಟ್ಟೀರಲ್ರೀ! ನಮ್ ಮೊಮ್ಮಗಳು ರೋಜಾ ಹುಲಿ ಬಡಿಸದೆ ಅನ್ನ ಮುಟ್ಟಂಗಿಲ್ಲ!”
“ಏನ್ ಮಾಡಿದ್ರಿ ಮತ್ತೆ?”
“ಬ್ಯಾಳಿ ಬಡಿಸಿ ‘ಗರ್ರ್’ ಅಂದೆ. ಉಂಡ್ಳು.”

೫. ಈಗ ಎರಡನೇ ಮುದ್ರಣ. ಶಿವರಾಮ ಅವರು ಇಪ್ಪತ್ತಮೂರು ಕಡೆಯೂ ಕೆಂಪು ಗೆರೆ ಎಳೆದು, “ಇದು ಕಲ್ಪನೆನೋ, ಕಾಗುಣಿತನೋ? ಸೋಮವಾರದೊಳಗೆ ಹೇಳಿ” ಎಂದಿದ್ದಾರೆ. ಕಾಗುಣಿತ ಎಂದರೆ ಹುಲಿ ಹೋಗಿ ಬೇಳೆ ಬರುತ್ತದೆ. ಬಿಂದುಶ್ರೀಯವರ ಹದಿನಾರು ಚಿತ್ರಗಳೂ ಕಸಕ್ಕೆ. ಕಲ್ಪನೆ ಎಂದರೆ ಸುಳ್ಳಾಗುತ್ತದೆ; ಕಲ್ಪನೆ ಇದ್ದುದು ಅವರಿಗೆ, ನನಗಲ್ಲ.

ಆದಕಾರಣ, ಆ ಇಪ್ಪತ್ತಮೂರು ಜಾಗಗಳಲ್ಲಿ ತಾವು ರಜೆಯ ಮೇಲಿದ್ದಿರಿ ಎಂದು ಹಿಂಬರಹ ನೀಡಬೇಕಾಗಿಯೂ, ನಿಜ ಹೇಳಿ ಮುಖಪುಟದಲ್ಲಿ ಬಿಂದುಶ್ರೀಯವರ ಹೆಸರನ್ನು ನನ್ನ ಹೆಸರಿನ ಮೇಲೆ ಹಾಕಿಸಲು ಧೈರ್ಯ ಕೊಡಬೇಕಾಗಿಯೂ ವಿನಂತಿ. ಬದಲಿಗೆ ಹಪ್ಪಳದಲ್ಲಿ, ಮಕ್ಕಳಲ್ಲಿ ತಮ್ಮನ್ನು ಎಂದೂ ಮರೆಯೆನು.

ಮರೆತರೂ ತಮ್ಮ ವಿಶ್ವಾಸಿ,
ಉಚ್ಚಂಗಪ್ಪ
(ಈ ಹೆಸರಿನಲ್ಲಿ ತಾವಿಲ್ಲದ ಕಾರಣ ಇದೊಂದನ್ನು ಸರಿಯಾಗಿ ಬರೆಯಬಲ್ಲೆ.)

ಅಡಕಗಳು:
೧. ಕೆಂಪು ಗೆರೆಯ ಕರಡು.
೨. ಕೊನೆಯ ಪುಟದ ಚಿತ್ರ. ಇದರಲ್ಲಿ ಹುಲಿಯ ಬಾಲ ಥೇಟ್ ತಮ್ಮಂತೆಯೇ ಸುರುಳಿ ಸುತ್ತಿದೆ. ಬಿಂದುಶ್ರೀಯವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೇ, ಅಥವಾ ಅದು ಬರೀ ಬಾಲವೇ ಎಂದು ತಾವು ಪರಿಶೀಲಿಸಿ ತಿಳಿಸಬೇಕು. ನಾನು ಕೇಳಿಲ್ಲ. ನನಗೆ ತಿಳಿದಿಲ್ಲ.