ಚುಚ್ಚದ ಅಕ್ಷರ

ನಮ್ಮ ಚಿಕ್ಕಪ್ಪನಿಗೆ ಚೂಪಾದದ್ದು ಯಾವುದೂ ಆಗುತ್ತಿರಲಿಲ್ಲ. ಸೂಜಿ, ದಬ್ಬಣ, ಚಿಕ್ಕಮ್ಮನ ಮಾತು, ಇವನ್ನೆಲ್ಲ ಹೇಗೋ ಸಹಿಸಿಕೊಂಡಾನು. ಅಕ್ಷರ ಚೂಪಾಗಿದ್ದರೆ ಮಾತ್ರ ಊಟ ಬಿಡುತ್ತಿದ್ದ! ಅಚ್ಚಿನ ಲಗ್ನಪತ್ರಿಕೆ ಬಂದರೆ ಮದುವೆ ಯಾರದೆಂದು ನೋಡುತ್ತಿರಲಿಲ್ಲ. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು, ತಲೆಕಟ್ಟಿನ ತುದಿಯಲ್ಲಿ ಮುಳ್ಳು ಎಂದು ನರಳಿ, ಅಂಥವರ ಮನೆಯ ಪಾಯಸ ಗಂಟಲಲ್ಲಿ ಇಳಿಯದೆಂದು ಮದುವೆಗೇ ಹೋಗುತ್ತಿರಲಿಲ್ಲ.

ಹೊಸದುರ್ಗದಲ್ಲಿ ಅವನದು ಬಡಗಿ ಕೆಲಸ. ಗಾಡಿಯ ಮೂಕಿಗೆಂದು ತಂದ ಮರದಲ್ಲಿ ಅಕ್ಷರ ಕೆತ್ತುತ್ತಿದ್ದ. ಗೆರೆ ಎಲ್ಲೆಡೆ ಒಂದೇ ದಪ್ಪ. ತುದಿಗಳೆಲ್ಲ ಬೆರಳ ತುದಿಯಂತೆ ಗುಂಡಗೆ. ಕೊಬ್ಬರಿ ಸಾಹುಕಾರರೊಬ್ಬರ ಮಂಡಿಗೆ ಅಂಥದೇ ಬೋರ್ಡು ಮಾಡಿಕೊಟ್ಟ.

“ಏನಪ್ಪ, ಅಕ್ಷರಕ್ಕೆಲ್ಲ ಬಾವು ಬಂದೈತಲ್ಲ?” ಎಂದರು ಸಾಹುಕಾರರು.

“ಬಾವಲ್ಲ ಸಾವ್ಕಾರ್ರೆ, ಉಂಡು ಮೈ ತುಂಬ್ಕೊಂಡವೆ.”

ಬೈಯುತ್ತಲೇ ತಗುಲಿಹಾಕಿದರು. ಸಂತೆಯ ಆ ತುದಿಯಿಂದಲೂ ಓದಬಹುದೆಂದು ಗೊತ್ತಾದ ಮೇಲೆ, ಬಾವಿನ ಯೋಚನೆ ತಮ್ಮದೇ ಎಂದು ಹೇಳಿಕೊಂಡು ತಿರುಗಿದರು!

ಪರೀಕ್ಷೆಗೆ ಸಿಕ್ಕವಳು ಅಜ್ಜಿ, ಅವನ ತಾಯಿ. ಕಣ್ಣಿಗೆ ಪೊರೆ ಬಂದಿತ್ತು. ಓದಂತೂ ಮೊದಲೇ ಬಾರದು. ಕೆತ್ತಿದ ಪ್ರತಿ ಅಕ್ಷರವನ್ನೂ ಅವಳ ಕೈಗಿಟ್ಟು, ಎಲ್ಲಾದರೂ ಚುಚ್ಚುತ್ತದೆಯೇ ಎಂದು ಕೇಳುತ್ತಿದ್ದ. ಮುದ್ದೆ ಮುರಿಯಲೂ ಬಿಡುವುದಿಲ್ಲವೆಂದು ಅವಳು ಗೊಣಗುತ್ತಿದ್ದಳು. ಮುದುಕಿಗೆ ಯಾಕೆ ಈ ಕಾಟ ಎಂದು ನಾವೆಲ್ಲ ನಗುತ್ತಿದ್ದೆವು.

ಆಮೇಲೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಮರುದಿನವೇ ಊರು ಖಾಲಿ. ಹೊರಗಿನ ಬಯಲಲ್ಲಿ ಎಲ್ಲರೂ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡೆವು. ಒಂದರ ಹಾಗೆಯೇ ಇನ್ನೊಂದು. ಚಿಕ್ಕಪ್ಪ ಪ್ರತಿ ಗುಡಿಸಲ ಬಾಗಿಲ ಕಂಬಕ್ಕೂ ಒಂದೊಂದು ಮರದ ಅಕ್ಷರ ಹೊಡೆದ. ನಮ್ಮದಕ್ಕೆ, ಅಜ್ಜಿಯ ಕೈಯಲ್ಲಿ ಪಾಸಾದ ಮೊದಲ ಅಕ್ಷರ.

“ಜನ ಸಾಯ್ತಾ ಅವ್ರೆ, ನಿಂಗೆ ಅಕ್ಷರದ ಶೋಕಿ” ಎಂದು ಅಪ್ಪ ರೇಗಿದ.

ಒಂದು ಮಧ್ಯಾಹ್ನ ಧೂಳುಗಾಳಿ ಎದ್ದಾಗ ಅಜ್ಜಿ ಕಾಣಲಿಲ್ಲ. ಊರೊಳಗಿನ ಮನೆಗೆ ಹೋಗುತ್ತೇನೆಂದು ದಿನವೂ ಹಟ ಮಾಡುತ್ತಿದ್ದವಳು. ಇಲಿ ಸತ್ತ ಮನೆ ಅದು, ಹೊಕ್ಕರೆ ಉಳಿಯುವುದುಂಟೇ? ಚೂಪಿಗೆ ಹೆದರುವ ನಮ್ಮ ಚಿಕ್ಕಪ್ಪ ಬರಿಗಾಲಲ್ಲಿ ಜಾಲಿಮುಳ್ಳಿನ ಬೇಲಿ ತುಳಿದುಕೊಂಡೇ ಊರ ಕಡೆ ಓಡಿದ. ಮನೆಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತಂತೆ. ಕುಂಟುತ್ತ ಹಿಂದಿರುಗಿದರೆ, ಅಜ್ಜಿ ನಮ್ಮ ಗುಡಿಸಲ ಬಾಗಿಲಲ್ಲೇ ನಿಂತಿದ್ದಾಳೆ, ಅಂಗೈ ಕಂಬದ ಅಕ್ಷರದ ಮೇಲೆ! ಹೋದ ಜೀವ ಬಂದಂತಾಯಿತು.

“ಎಲ್ಲಾರ ಕಂಬಾನೂ ತಡವಿದೆ ಕಣ್ಲೇ. ನಮ್ದು ಕೈಗೆ ಗೊತ್ತಾತು” ಎಂದಳು.

ಆ ಅಕ್ಷರ ‘ರ’ ಎಂದು ನನ್ನ ನೆನಪು. ‘ಠ’ ಎನ್ನುತ್ತಾಳೆ ಅಕ್ಕ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದೂ ಚಿಕ್ಕಪ್ಪನ ಹಾಗೆ ತುದಿಗಳನ್ನೆಲ್ಲ ಗುಂಡಗೆ ಮಾಡಿಬಿಡುತ್ತದೆ. ಆದರೆ ಆಮೇಲೆ ನಡೆದದ್ದರಲ್ಲಿ ನಮಗಿಬ್ಬರಿಗೂ ಜಗಳವಿಲ್ಲ. ಅಜ್ಜಿ ಅವನನ್ನು ಕೂರಿಸಿ, ಅಂಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆರಳಲ್ಲಿ ತಡವಿ ತಡವಿ ಒಂದೊಂದೇ ಮುಳ್ಳು ಕಿತ್ತಳು. ಕೊನೆಗೆ ಅಂಗಾಲಿನ ಮೇಲೆ ಮೆಲ್ಲಗೆ ಕೈಯಾಡಿಸುತ್ತ ಕೇಳಿದಳು:

“ಇನ್ನೂ ಎಲ್ಲಾದ್ರೂ ಚುಚ್ತೈತೇನಪ್ಪ?”