ಅಳಿಯನ ಎದೆಯಳತೆ

ಕೆಲವರ ಮುಖ ಸುಮ್ಮನಿದ್ದಾಗಲೂ ನಗುತ್ತಿರುತ್ತದೆ. ನನ್ನದು ಸುಮ್ಮನಿದ್ದಾಗಲೂ ಯಾರನ್ನೋ ಬೈಯುತ್ತಿರುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಹುಬ್ಬು ದಪ್ಪ, ಮೀಸೆ ಇನ್ನೂ ದಪ್ಪ, ಮೇಲಾಗಿ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೆಲಸ. ಯಾದಗಿರಿ ಗಾಡಿ ಎಲ್ಲಿ, ಸುರಪುರ ಗಾಡಿ ಯಾಕೆ ಇನ್ನೂ ಹೊರಟಿಲ್ಲ ಎಂದು ಇಡೀ ದಿನ ಮೈಕಿನಲ್ಲಿ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಓಣಿಯವರು ಚೀಲ ಎತ್ತಿಕೊಂಡು ಎದ್ದು ನಿಲ್ಲಬೇಕು, ಹಾಗಾಗಿದೆ ದನಿ. ಒಳಗೆ ನಾನು ಬಹಳ ಮೆತ್ತಗಿನ ಮನುಷ್ಯ. ಇದು ಹೆಂಡತಿ ನೀಲಮ್ಮನಿಗೆ ಗೊತ್ತು, ಮಗಳು ಅಂಬಿಕಾಗೆ ಗೊತ್ತು. ಇನ್ನೊಬ್ಬರಿಗೆ ಅದನ್ನು ಗೊತ್ತುಮಾಡಿಸಬೇಕಾದ ಸಂದರ್ಭವೇ ಬಂದಿರಲಿಲ್ಲ.

ಅದು ಬಂದದ್ದು ಅಂಬಿಕಾಳ ಮದುವೆ ನಿಶ್ಚಯವಾದಾಗ. ಹುಡುಗನ ಹೆಸರು ಶರಣು, ಸುರಪುರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ಹೆಣ್ಣು ನೋಡಲು ಬಂದ ದಿನ ನೀಲಮ್ಮನ ಗಡಿಬಿಡಿಯಲ್ಲಿ ಉಪ್ಪಿಟ್ಟು ಸೀದುಹೋಗಿತ್ತು. ಬಂದವರೆಲ್ಲ ಎರಡು ಚಮಚಕ್ಕೇ ಕೈಬಿಟ್ಟರು. ಈ ಹುಡುಗ ಮಾತ್ರ ತಟ್ಟೆ ಖಾಲಿ ಮಾಡಿ, "ಇನ್ನೊಂದೀಟು ಇದ್ರ ಹಾಕ್ರಿ" ಎಂದ. ಆ ಗಳಿಗೆಯಲ್ಲೇ ಅವನ ಮೇಲೆ ನನಗೆ ಪ್ರೀತಿ ಹುಟ್ಟಿತು. ಅಂಬಿಕಾಳನ್ನು ಇವನಿಗೆ ಕೊಟ್ಟರೆ ನಾನು ನಿಶ್ಚಿಂತೆಯಿಂದ ಮಲಗಬಹುದು ಅನ್ನಿಸಿತು. ಪ್ರೀತಿಯಿಂದ ನೋಡುವಾಗ ನನ್ನ ಮುಖ ಹೇಗಿರುತ್ತದೆ ಎಂಬುದನ್ನು ಮಾತ್ರ ನಾನು ಕನ್ನಡಿಯಲ್ಲಿ ಎಂದೂ ನೋಡಿಕೊಂಡಿರಲಿಲ್ಲ.

ನಮ್ಮ ಕಡೆ ಮದುಮಗನ ಸೂಟನ್ನು ಹೆಣ್ಣಿನವರೇ ಹೊಲಿಸಬೇಕು. ಬಟ್ಟೆ ಕಳಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ. ಮಾವನಾದವನು ಖುದ್ದಾಗಿ ದರ್ಜಿಯ ಅಂಗಡಿಗೆ ಹೋಗಿ, ಅಳತೆ ಮುಗಿಯುವವರೆಗೂ ಎದುರಿಗೆ ಕೂತಿರಬೇಕು. ಅದು ಅಳಿಯನಿಗೆ ಕೊಡುವ ಮರ್ಯಾದೆ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸುರಪುರಕ್ಕೆ ಹೋದೆ. ದರ್ಜಿ ಮಹಬೂಬಸಾಬರು ಸ್ಟೂಲು ಕೊಟ್ಟರು. ಶರಣು ನನ್ನ ಕಾಲು ಮುಟ್ಟಿ, ಕೈಕಟ್ಟಿ, ತಲೆ ತಗ್ಗಿಸಿ ನಿಂತ.

"ಎದಿ ಬಿಟ್ಟು ನಿಂದರ್ರಿ. ಉಸುರು ಆಡ್ರಿ" ಎಂದರು ಮಹಬೂಬಸಾಬರು.

ಅವರಿಗೆ ನೆರವಾಗಲೆಂದು ನಾನೂ, "ಉಸುರಾಡೋ ತಮ್ಮಾ!" ಎಂದೆ. ಪ್ರೀತಿಯಿಂದಲೇ ಅಂದದ್ದು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು. ಶರಣು ಎದೆಯನ್ನು ಇನ್ನಷ್ಟು ಒಳಗೆಳೆದುಕೊಂಡು, ಆಡುತ್ತಿದ್ದ ಉಸಿರನ್ನೂ ಹಿಡಿದುಕೊಂಡ. ಹಾಗೆಯೇ ಅಳತೆ ಮುಗಿಯಿತು.

ಹೊಲಿದಾದ ಮೇಲೆ ತೊಟ್ಟು ನೋಡುವ ದಿನವೂ ನಾನು ಹಾಜರಿದ್ದೆ. ಸೂಟು ಬರೋಬ್ಬರಿ ಕೂತಿತ್ತು. ಮೀಸೆ ತಿರುವುತ್ತ ಶಹಾಪುರಕ್ಕೆ ಮರಳಿದೆ. ಸಂಜೆಗೆ ಅಂಬಿಕಾ ಅವನೊಡನೆ ಫೋನಿನಲ್ಲಿ ಮಾತಾಡಿ ಬಂದು, "ಅಪ್ಪಾ, ಕೋಟಿನ ಗುಂಡಿ ಹತ್ತವಲ್ಲವಂತ, ಎದಿಗಿ ಬಿಗಿ ಆಗತದಂತ" ಎಂದಳು. ನಾನು ಮರುದಿನವೇ ಹೋಗಿ ಮಹಬೂಬಸಾಬರ ಮೇಲೆ ಹರಿಹಾಯ್ದೆ. ಅವರು ಶರಣುವನ್ನು ಕರೆಸಿ ನನ್ನೆದುರಿಗೇ ಕೋಟು ತೊಡಿಸಿದರು. ಗುಂಡಿಗಳು ಸಲೀಸಾಗಿ ಹತ್ತಿದವು. "ನೋಡ್ರಿ ಸಾಹೇಬ್ರ, ನನ್ನ ಟೇಪ್ ಸುಳ್ಳು ಹೇಳ್ತದೇನ್ರಿ?" ಎಂದು ಅವರು ಗೆದ್ದ ಮುಖದಲ್ಲಿ ಬೀಡಿ ಹಚ್ಚಿದರು. ಸಂಜೆ ಮತ್ತೆ ಗುಂಡಿ ಹತ್ತಲಿಲ್ಲವೆಂಬ ಸುದ್ದಿ ಬಂತು.

"ಮನಿಗಿ ಹೋಗಿ ಹೊಟ್ಟಿ ತುಂಬ ಉಣ್ತಾನೇನವಾ ಅಂವ?" ಎಂದು ಕೇಳಿದೆ.

ಅಂಬಿಕಾ ಸೆರಗಿನ ಅಂಚು ಹಿಂಡಿದಳು. "ಅಪ್ಪಾ, ಸಿಟ್ಟ ಮಾಡ್ಕೋಬ್ಯಾಡ. ನೀ ಎದುರಿಗಿದ್ರ ಅವರು ಅಂಜಿ ಎದಿ ಕುಗ್ಗಿಸಿಕೊಂಡು ನಿಂದರ್ತಾರ, ಉಸುರೇ ಆಡಂಗಿಲ್ಲ. ನೀ ಹ್ವಾದ ಮ್ಯಾಲ ಎದಿ ಉಬ್ಬತದ, ಗುಂಡಿ ಹತ್ತಂಗಿಲ್ಲ." ಆಮೇಲೆ ಕಣ್ಣು ಒರೆಸಿಕೊಂಡು, "ಹಿಂಗಾದ್ರ ಮದುವಿ ಆದ ಮ್ಯಾಲ ನಾ ಒಬ್ಬಾಕಿನೇ ತವರಮನಿಗಿ ಬಂದು ಹೋಗೂದೇನಪಾ?" ಎಂದಳು.

ನನಗೆ ನಿಜಕ್ಕೂ ದುಃಖವಾಯಿತು. ಯಾರನ್ನು ಕಂಡರೆ ನನ್ನ ಜೀವ ಹಿಗ್ಗುತ್ತದೋ ಅವನು ನನ್ನನ್ನು ಕಂಡು ಕುಗ್ಗುತ್ತಾನೆ! ನೀಲಮ್ಮ, "ಈ ಸಲ ನೀವು ಹೋಗಬ್ಯಾಡ್ರಿ, ತಾನ ಅಳತಿ ಕೊಡ್ತಾನ" ಎಂದಳು. ಹಾಗೆ ಮಾಡಿದರೆ ಸೂಟು ಸರಿಹೋದೀತು, ಅಳಿಯ ಜನ್ಮವಿಡೀ ಹೊಸ್ತಿಲಾಚೆಯೇ ನಿಂತಾನು. ನಾನು ಹೋಗಲೇಬೇಕು, ಆದರೆ ಮೆತ್ತಗಾಗಿ ಹೋಗಬೇಕು ಎಂದು ನಿಶ್ಚಯಿಸಿದೆ. ಕನ್ನಡಿಯ ಮುಂದೆ ನಗುವುದನ್ನು ರೂಢಿ ಮಾಡಿಕೊಂಡೆ. ನೀಲಮ್ಮ ನೋಡಿ, "ಹಲ್ಲು ನೋಯಾಕತ್ತದೇನ್ರಿ?" ಎಂದು ಕೇಳಿದಳು.

ಅಂಗಡಿಯಲ್ಲಿ ಈ ಸಲ ನಾನು ಸ್ಟೂಲು ಬೇಡವೆಂದೆ. ಮೂಲೆಯಲ್ಲಿ ಹೊಟ್ಟೆಯ ಮೇಲೆ ಕೈಕಟ್ಟಿ, ಬೆನ್ನು ಬಾಗಿಸಿ, ರೂಢಿ ಮಾಡಿದ ನಗೆಯನ್ನು ತಂದುಕೊಂಡು ನಿಂತೆ. "ಆರಾಮ ಇದ್ದೀಯೇನಪಾ?" ಎಂದು ಆದಷ್ಟು ಸಣ್ಣ ದನಿಯಲ್ಲಿ ಕೇಳಿದೆ. ಶರಣು ತಲೆಯೆತ್ತಿ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದ. ಗಾಬರಿಯಾದ.

"ಮಾವಾರ, ಏನಾಗ್ಯಾದ್ರಿ? ಹೊಟ್ಟಿ ನೋಯಾಕತ್ತದೇನ್ರಿ?"

ನನ್ನ ಹೊಟ್ಟೆಗೆ ಏನೂ ಆಗಿರಲಿಲ್ಲ, ಕಲ್ಲು ತಿಂದರೂ ಅರಗುತ್ತಿತ್ತು. ಆದರೆ ತಾನಾಗಿ ನನ್ನೊಡನೆ ಅವನು ಆಡಿದ ಮೊದಲ ಮಾತನ್ನು ಸುಳ್ಳು ಮಾಡಲು ಮನಸ್ಸು ಬರಲಿಲ್ಲ. "ಹೌದಪಾ, ಭಾಳ ನೋಯಾಕತ್ತದ" ಎಂದೆ.

ಹುಡುಗ ಬೇರೆಯೇ ಆಗಿಬಿಟ್ಟ. ನನ್ನ ರಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿದ. ಹಣೆ ಮುಟ್ಟಿದ, ನಾಡಿ ಹಿಡಿದ. "ಏನ್ ತಿಂದ್ರಿ ಮುಂಜಾನಿ? ಖರೆ ಹೇಳ್ರಿ!" ಎಂದು ಗದರಿದ. ನಾನು ಏಳಲು ಹೋದರೆ, "ಸುಮ್ನ ಕೂಡ್ರಿ ಅಂದ್ರ ಕೂಡ್ರಬೇಕ್ರಿ!" ಎಂದು ಪೂರ್ತಿ ಎತ್ತರಕ್ಕೆ, ಎದೆ ತುಂಬ ಉಸಿರು ತುಂಬಿ ನಿಂತ. ಮಹಬೂಬಸಾಬರು ಹಿಂದಿನಿಂದ ಬಂದು ಟೇಪು ಸುತ್ತಿದರು. "ಹಾಂ, ಹಿಂಗ! ಸಾಹೇಬ್ರ, ಇನ್ನೊಂದೀಟು ನರಳ್ರಿ, ತೋಳಿಂದು ಉಳದದ" ಎಂದರು. ನಾನು ನರಳಿದೆ.

ಈಗ ಮದುವೆಯಾಗಿ ವರ್ಷವಾಗುತ್ತ ಬಂತು. ನಿಜ ಹೇಳಿದರೆ ಹುಡುಗ ನಾಚಿ ಮತ್ತೆ ಕುಗ್ಗಿಯಾನೆಂದು ಹೇಳಿಲ್ಲ. ಹೀಗಾಗಿ ಅವನ ಮಟ್ಟಿಗೆ ನಾನು ಹೊಟ್ಟೆ ಹಾಳಾದ ಮಾವ. ಮದುವೆಯ ಊಟದಲ್ಲೇ ಬೀಗರೆಲ್ಲರ ಎದುರಿಗೆ, ಆ ಸೂಟಿನಲ್ಲೇ ಬಂದು ನನ್ನ ಎಲೆಯಿಂದ ಬದನೆಕಾಯಿ ಎಣಗಾಯಿ ಎತ್ತಿ ಮೊಸರನ್ನ ಬಡಿಸಿದ. ಈಗಲೂ ಹದಿನೈದು ದಿನಕ್ಕೊಮ್ಮೆ ಅಂಬಿಕಾಳ ಜೊತೆ ಬಂದು, ನೇರ ಅಡಿಗೆಮನೆಗೇ ನುಗ್ಗಿ, "ಮಾವಾರಿಗಿ ಖಾರ ಹಾಕೀರೇನು?" ಎಂದು ನೀಲಮ್ಮನನ್ನು ವಿಚಾರಿಸುತ್ತಾನೆ. ಇಡೀ ಬಸ್‌ಸ್ಟ್ಯಾಂಡನ್ನು ನಡುಗಿಸುವ ನಾನು ತಲೆ ತಗ್ಗಿಸಿ, ಕೈಕಟ್ಟಿ, ಉಸಿರು ಹಿಡಿದು ಅವನೆದುರು ನಿಂತಿರುತ್ತೇನೆ. ಆಮೇಲೆ ಕೂತು ಮೊಸರನ್ನ ಉಣ್ಣುತ್ತೇನೆ.