ಡಚೆಸ್‌ಗೆ ಗಂಡು ನೋಡಿದ್ದು

ಮನುಷ್ಯರ ವಿಷಯದಲ್ಲಿ ನನಗಿರುವ ಬುದ್ಧಿ ಬೇರೆ ಯಾವ ವಿಷಯದಲ್ಲೂ ಇಲ್ಲ ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಾರೆ. ಮನುಷ್ಯರ ವಿಷಯದಲ್ಲೂ ಇಲ್ಲ ಎನ್ನುವಷ್ಟು ಧೈರ್ಯ ಅವರಿಗಿಲ್ಲ, ಯಾಕೆಂದರೆ ಮಧ್ಯಾಹ್ನದ ಊಟಕ್ಕೆ ಮನೆಗೇ ಬರಬೇಕು. ಕುದ್ರೋಳಿಯಲ್ಲಿ ಸ್ವಂತ ಹೋಟೆಲು ಇಟ್ಟುಕೊಂಡವರು ಅಲ್ಲಿ ಯಾಕೆ ಊಟ ಮಾಡುವುದಿಲ್ಲ ಎಂದು ನೀವು ಕೇಳಬಾರದು, ನಾನೂ ಕೇಳಿಲ್ಲ. ಅದಿರಲಿ. ನನ್ನ ಬುದ್ಧಿಯ ಬಗ್ಗೆ ಹೇಳುತ್ತಿದ್ದೆ. ನಮ್ಮ ನೆಂಟರಿಷ್ಟರಲ್ಲಿ ಯಾರ ಮಗಳಿಗೆ ಗಂಡು ಬೇಕಾದರೂ ಮೊದಲ ಫೋನು ಶಕ್ತಿನಗರದ ನಮ್ಮ ಮನೆಗೆ ಬರುತ್ತದೆ. ಹುಡುಗನ ಮನೆಯವರು ಚಪ್ಪಲಿ ಕಳಚುವ ಮೊದಲೇ ನಾನು ಕೇಳುವ ಪ್ರಶ್ನೆ ಒಂದೇ: ಬರಿ ಯಾವುದು? ಬರಿ ಎಂದರೆ ನಮ್ಮ ಬಂಟರಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆ ಎಂಬ ಮಾತೇ ಇಲ್ಲ. ದುಬೈಯಲ್ಲಿ ಎಂಜಿನಿಯರ್ ಆಗಿದ್ದ ಚಿನ್ನದಂಥ ಹುಡುಗನೊಬ್ಬನನ್ನು, ಅವನ ಅಜ್ಜಿಯ ಬರಿ ಹೇಳುವಾಗ ಅವನ ತಾಯಿ ಸ್ವಲ್ಪ ತಡವರಿಸಿದರು ಎಂಬ ಕಾರಣಕ್ಕೆ ನಾನು ಚಾ ಕುಡಿಸಿ ವಾಪಸ್ ಕಳಿಸಿದ್ದೇನೆ. ಅಷ್ಟು ಹುಷಾರು ನಾನು.

ಇಂಥ ಹುಷಾರಿನ ಹೆಂಗಸು ನಾಯಿ ತರಲು ಹೋದಾಗ ಏನು ಮಾಡಿದಳು ಎಂಬುದನ್ನೇ ಈಗ ಹೇಳಲು ಹೊರಟಿರುವುದು.

ನನ್ನ ದೊಡ್ಡಮ್ಮನ ಮಗಳು ಸುಗುಣ ಒಂದು ಮದುವೆ ಹಾಲ್‌ನಲ್ಲಿ ಮೊಬೈಲು ತೆರೆದು, ಕದ್ರಿಯ ಯಾರದೋ ಮನೆಯಲ್ಲಿರುವ ನಾಯಿಯ ಫೋಟೋ ತೋರಿಸಿದಳು. ಹತ್ತಿಯ ಉಂಡೆಗೆ ಎರಡು ಕಣ್ಣು ಅಂಟಿಸಿದ ಹಾಗಿತ್ತು. "ಇದು ಡಿಸೈನರ್ ಬ್ರೀಡ್ ಮಾರಾಯ್ತಿ, ಎಲ್ಲರಿಗೂ ಸಿಗುವುದಿಲ್ಲ" ಎಂದಳು. ಎಲ್ಲರಿಗೂ ಸಿಗುವುದಿಲ್ಲ ಎಂದ ಮೇಲೆ ಅದು ನನಗೆ ಬೇಕೇ ಬೇಕು. ಹಿಂದೆ ನಮ್ಮ ಅಂಗಳದಲ್ಲಿ ಒಂದು ನಾಯಿ ಇತ್ತು, ಅದರ ಜಾತಿ ನಾಯಿ, ಹೆಸರು ಕಾಳು. ಹದಿನಾಲ್ಕು ವರ್ಷ ಗಂಜಿ, ಮೀನಿನ ತಲೆ ತಿಂದುಕೊಂಡು ಬದುಕಿತು, ಒಂದು ದಿನವೂ ಡಾಕ್ಟರ ಮುಖ ನೋಡಲಿಲ್ಲ. ಅಂಥ ನಾಯಿಯನ್ನು ಫೋಟೋ ತೆಗೆದು ಯಾರಿಗೆ ತೋರಿಸುವುದು?

ವಿಳಾಸ ಸುಗುಣಳೇ ಕೊಟ್ಟಳು. ಕಾಟಿಪಳ್ಳದಲ್ಲಿ ಲೋಹಿತ ಎಂಬವನು ಮನೆಯ ಟೆರೇಸಿನಲ್ಲಿ ನಾಯಿಮರಿ ಮಾಡಿಸುತ್ತಾನೆ. ಮರಿ ಮಾಡಿಸುವುದು ಎಂದರೆ ಅವನಿಗೆ ಸಿಟ್ಟು, 'ಕ್ರಿಯೇಟ್' ಮಾಡುವುದು ಎನ್ನಬೇಕು. ವಿಸಿಟಿಂಗ್ ಕಾರ್ಡಿನಲ್ಲಿ 'ಕೆನೈನ್ ಕನ್ಸಲ್ಟೆಂಟ್', ಎಂದರೆ ನಾಯಿಗಳ ಸಲಹೆಗಾರ, ಎಂದು ಬರೆದಿತ್ತು. ಪೊಮೆರೇನಿಯನ್, ಪಗ್, ಶಿಟ್ಜು ಮೂರನ್ನೂ ಸೇರಿಸಿ ಅವನು ತಯಾರಿಸಿದ ಹೊಸ ಜಾತಿಗೆ 'ಪೊಮ್‌ಶಿಪಗ್' ಎಂದು ಹೆಸರು. "ಒಂದರ ಕೂದಲು, ಒಂದರ ಮುಖ, ಒಂದರ ಗುಣ, ಮೂರೂ ಬೆಸ್ಟ್ ಬರ್ತದೆ ಅಕ್ಕ" ಎಂದ. ಬೆಸ್ಟ್ ಮಾತ್ರವೇ ಬರಬೇಕು ಎಂದು ಮೂರೂ ಜಾತಿಗೆ ನೋಟೀಸು ಕೊಟ್ಟಿದ್ದನೋ ಏನೋ. ಮಂಗಳೂರಿನವರಾದ ನಮಗೆ ಗಡ್‌ಬಡ್ ಐಸ್‌ಕ್ರೀಮ್ ತಿಂದು ಅಭ್ಯಾಸ, ಎಲ್ಲವನ್ನೂ ಒಂದೇ ಗ್ಲಾಸಿಗೆ ಹಾಕಿದರೆ ಚೆನ್ನಾಗಿಯೇ ಆಗುತ್ತದೆ ಎಂದು ನಂಬಿದವರು. ಐಸ್‌ಕ್ರೀಮಿಗೆ ಮೊಣಕಾಲಿಲ್ಲ ಎಂಬುದು ಅವತ್ತು ನನ್ನ ತಲೆಗೆ ಹೋಗಲಿಲ್ಲ.

"ತಾಯಿ ನಾಯಿ ಎಲ್ಲಿ?" ಎಂದು ನಮ್ಮವರು ಕೇಳಿದರು. ಅವರು ಬಾಯಿ ತೆರೆಯುವುದು ಅಪರೂಪ, ತೆರೆದಾಗ ನಾನು ಕೇಳುವುದು ಇನ್ನೂ ಅಪರೂಪ. ಲೋಹಿತ ನಗುತ್ತಾ, "ಲೂಸಿ ಗ್ರೂಮಿಂಗಿಗೆ ಹೋಗಿದ್ದಾಳೆ ಅಣ್ಣ" ಎಂದ. ಟೆರೇಸಿನ ಆಚೆ ಬದಿಯಲ್ಲಿ ನೀಲಿ ಟಾರ್ಪಾಲಿನ ಹಿಂದೆ ಏನೋ ಕುಂಯ್‌ಗುಡುತ್ತಿತ್ತು. ಹೆಣ್ಣು ನೋಡಲು ಹೋದರೆ ನೀರು ಕೇಳುವ ನೆಪದಲ್ಲಿ ಅಡುಗೆಮನೆಯ ತನಕ ಇಣುಕುವ ನಾನು, ಆ ಟಾರ್ಪಾಲನ್ನು ಸರಿಸಿ ನೋಡಲಿಲ್ಲ. ಅಷ್ಟರಲ್ಲಿ ಅವನು ನನ್ನ ಕೈಗಿತ್ತ ಮರಿ ಸೆರಗಿನಲ್ಲಿ ಮುಖ ಹುದುಗಿಸಿಬಿಟ್ಟಿತ್ತು, ಇನ್ನೆಂತ ನೋಡುವುದು!

ಅವಳಿಗೆ ಡಚೆಸ್ ಎಂದು ಹೆಸರಿಟ್ಟೆ. ನಮ್ಮವರು ಡಚ್ಚಿ ಎನ್ನುತ್ತಾರೆ. ಮೂರು ಜಾತಿಯ ಬೆಸ್ಟ್ ಒಂದೊಂದಾಗಿ ಹೊರಗೆ ಬರತೊಡಗಿತು. ಕೂದಲು ಹಿಮದ ದೇಶದ್ದು, ಹವೆ ಮಂಗಳೂರಿನದು, ಹಾಗಾಗಿ ಏಪ್ರಿಲಿನಲ್ಲಿ ಅವಳಿಗಾಗಿ ಎಸಿ ಹಾಕಿಸಬೇಕಾಯಿತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನನಗಾಗಿ ಹಾಕಿಸಿರಲಿಲ್ಲ. ಮೂಗು ಚಪ್ಪಟೆ, ಉಸಿರಾಡಿದರೆ ಪಕ್ಕದ ಮನೆಯವರು ಮಿಕ್ಸಿ ಕೊಂಡಿರಾ ಎಂದು ಕೇಳುತ್ತಿದ್ದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮಾತುಕತೆಯೇ ಇಲ್ಲ. ನಡೆಯುತ್ತಿದ್ದ ಹಾಗೇ ಎಡ ಹಿಂಗಾಲಿನ ಮೊಣಕಾಲ ಚಿಪ್ಪು ಜಾರಿ, ಅವಳು ಅರ್ಧ ದಾರಿಯಲ್ಲಿ ಮೂರು ಕಾಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಮಾತ್ರ ತಮಾಷೆಯದಲ್ಲ. ನಾನು ಎತ್ತಿಕೊಂಡರೆ ನೋವು ಮರೆತು ಕೈ ನೆಕ್ಕುತ್ತಿದ್ದಳು.

ಲೋಹಿತನಿಗೆ ಫೋನು ಮಾಡಿದೆ. "ಅದು ಎಂತದೂ ಇಲ್ಲ ಅಕ್ಕ, ಒಂದು ಸಲ ಮರಿ ಹಾಕಿದರೆ ಎಲ್ಲ ಸೆಟ್ ಆಗ್ತದೆ. ಗಂಡು ನನ್ನ ಹತ್ತಿರವೇ ಉಂಟು" ಎಂದ. ಕಾಲಿನ ಚಿಪ್ಪಿಗೂ ಹೆರಿಗೆಗೂ ಎಂತ ಸಂಬಂಧ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ಯಾಕೆಂದರೆ ಗಂಡು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನೊಳಗಿನ ದಲ್ಲಾಳಿ ಎದ್ದು ಕೂತಿದ್ದಳು. ಸುಗುಣ ತನಗೊಂದು ಮರಿ ಎಂದಳು. ಅವಳ ನಾದಿನಿಗೊಂದು, ನಮ್ಮ ಮಹಿಳಾ ಸಂಘದ ಕಾರ್ಯದರ್ಶಿಗೊಂದು. ನಾನು ಧಾರಾಳವಾಗಿ ಮಾತು ಕೊಟ್ಟೆ. ಇನ್ನೂ ಹುಟ್ಟದ ಮೊಮ್ಮಕ್ಕಳನ್ನು ಹಂಚುವುದರಲ್ಲಿ ಎಂಥ ಸುಖ ಉಂಟು ಗೊತ್ತಾ?

ನಡುವೆ ಚುಚ್ಚುಮದ್ದಿಗೆಂದು ಹೋದಾಗ ನಾಯಿಯ ಡಾಕ್ಟರಿಗೆ ವಿಷಯ ಹೇಳಿದೆ. ಚಿಕ್ಕ ಪ್ರಾಯದ ಹುಡುಗಿ, ಮಾತು ನೇರ. ಡಚೆಸಳ ಸೊಂಟ ಮುಟ್ಟಿ ನೋಡಿದ ಕೂಡಲೇ ಆ ಹುಡುಗಿಯ ಮುಖ ಬಾಡಿತು. "ಬೇಡ ಅಮ್ಮ. ಇವಳ ಎಲುಬು ತುಂಬಾ ಸಣ್ಣದು, ಮರಿಗಳ ತಲೆ ದೊಡ್ಡದಿರ್ತದೆ. ಹೆರಲಿಕ್ಕೆ ಆಗುವುದಿಲ್ಲ, ಸಾಯ್ತಾಳೆ. ಮರಿಗಳು ಉಳಿದರೂ ಅವುಗಳ ಕಾಲೂ ಹೀಗೇ. ಮಕ್ಕಳಾಗದ ಆಪರೇಷನ್ ಮಾಡಿಸಿಬಿಡಿ" ಎಂದಳು. ಸಾಯ್ತಾಳೆ ಎಂಬ ಮಾತಿಗೆ ನನ್ನ ಎದೆ ಧಸಕ್ಕೆಂದದ್ದು ಹೌದು. ಆದರೆ ರಿಕ್ಷಾ ಹತ್ತುವಷ್ಟರಲ್ಲಿ ಸಮಾಧಾನ ಮಾಡಿಕೊಂಡೆ. ಹುಡುಗಿಗೆ ಇನ್ನೂ ಮದುವೆಯೇ ಆಗಿಲ್ಲ, ಹೆರಿಗೆಯ ವಿಷಯ ಅವಳಿಗೆಂತ ಗೊತ್ತು! ಬದಲಿಗೆ ಅವಳಿಗೆ ಒಳ್ಳೆಯ ಗಂಡು ಯಾರಿದ್ದಾರೆ ಎಂದು ನಂತೂರು ಬರುವ ತನಕ ಯೋಚಿಸಿದೆ.

ಗಂಡಿನ ಕಡೆಯವರು ಭಾನುವಾರ ಬೆಳಿಗ್ಗೆ ಬಂದರು. ಎಂದರೆ ಲೋಹಿತ, ಮತ್ತು ಅವನ ಕಂಕುಳಲ್ಲಿ ಚಾಂಪಿಯನ್ ಎಂಬ ವರ. ನಾನು ನೀರುದೋಸೆ, ಕೋಳಿ ಗಸಿ ಮಾಡಿದ್ದೆ. ಡಚೆಸಳಿಗೆ ಸ್ನಾನ ಮಾಡಿಸಿ ಕೊರಳಿಗೆ ಮಲ್ಲಿಗೆ ಕಟ್ಟಿದ್ದೆ. ಅವಳು ಅದರಲ್ಲಿ ಅರ್ಧ ತಿಂದಿದ್ದಳು. ನಮ್ಮವರು ಪೇಪರು ಅಡ್ಡ ಹಿಡಿದು, "ಡಾಕ್ಟರು ಬೇಡ ಹೇಳಿದ್ರಲ್ಲ" ಎಂದು ಪೇಪರಿಗೇ ಹೇಳಿದರು. ನಾನು ಕಣ್ಣು ದೊಡ್ಡದು ಮಾಡಿದೆ. ಚಾಂಪಿಯನ್ನನನ್ನು ಕೆಳಗಿಳಿಸಿದ ಕೂಡಲೇ ಅವನು ಗೊರ ಗೊರ ಉಸಿರೆಳೆಯುತ್ತಾ ನಾಲ್ಕು ಹೆಜ್ಜೆ ನಡೆದು, ಹಿಂಗಾಲೊಂದನ್ನು ಮೇಲೆತ್ತಿ ನಿಂತ. ಡಚೆಸಳ ಹಾಗೆಯೇ, ಅದೇ ಎಡಗಾಲು. ನನಗೆ ಅದು ಜೋಡಿ ಹೊಂದಿದ ಲಕ್ಷಣದಂತೆ ಕಂಡಿತು ಎಂದರೆ ನೀವು ನಂಬಬೇಕು.

ಚಾ ಕೊಡುತ್ತಾ, ಎಷ್ಟೋ ವರ್ಷಗಳ ಅಭ್ಯಾಸದಿಂದ, ಯೋಚಿಸದೆಯೇ ಕೇಳಿದೆ: "ಹುಡುಗನ ತಾಯಿ ಯಾವ ಕಡೆಯವಳು?"

"ನಮ್ಮ ಲೂಸಿಯೇ ಅಕ್ಕ" ಎಂದ ಲೋಹಿತ ಹೆಮ್ಮೆಯಿಂದ. "ಇವಳಿಗಿಂತ ಒಂದು ಹೆರಿಗೆ ಮೊದಲಿನವ. ತಂದೆ ರಾಕಿ, ಅವನೂ ಲೂಸಿಯದೇ ಮಗ. ಹೊರಗಿನ ರಕ್ತ ಒಂದು ತೊಟ್ಟು ಇಲ್ಲ, ಗ್ಯಾರಂಟಿ!"

ಚಾದ ಲೋಟ ನನ್ನ ಕೈಯಲ್ಲೇ ಉಳಿಯಿತು. ಒಂದೇ ತಾಯಿ! ಒಂದೇ ಬರಿ! ಬರಿ ಯಾಕೆ, ಒಡಹುಟ್ಟಿದ ಅಣ್ಣ! ಅದೂ ಅಲ್ಲದೆ ತಂದೆ ಎನ್ನುವವನು ತಾಯಿಗೆ ಮಗ! "ಥೂ, ಏಳು ಇಲ್ಲಿಂದ!" ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. "ನಾಯಿಗೆ ಎಂತ ಬರಿ ಅಕ್ಕ? ಇದಕ್ಕೆ ಲೈನ್ ಬ್ರೀಡಿಂಗ್ ಹೇಳ್ತಾರೆ, ಫಾರಿನಲ್ಲಿ ಎಲ್ಲ ಹೀಗೆಯೇ" ಎಂದ. "ಫಾರಿನಲ್ಲೇ ಮಾಡಿಸು, ನನ್ನ ಚಾವಡಿಯಲ್ಲಿ ಬೇಡ" ಎಂದೆ. ಆ ಲೂಸಿ ಎಷ್ಟು ಸಲ ಹೆತ್ತಿದ್ದಾಳೆ ಎಂದು ಕೇಳಿದ್ದಕ್ಕೆ ಬೆರಳು ಮಡಚತೊಡಗಿದವನು ಎರಡನೆಯ ಕೈಗೆ ಹೋದ. ಟಾರ್ಪಾಲಿನ ಹಿಂದಿನ ಆ ಕುಂಯ್‌ಗುಡುವಿಕೆ ಯಾರದೆಂದು ನನಗೆ ಆಗ ತಿಳಿಯಿತು. ಲೋಹಿತ ವರನನ್ನು ಎತ್ತಿಕೊಂಡು, ದೋಸೆ ಮುಟ್ಟದೆ ಹೊರಟುಹೋದ. ನನ್ನ ಮನೆಯಲ್ಲಿ ಗಂಡಿನ ಕಡೆಯವರು ಹಸಿದುಕೊಂಡು ಹೋದದ್ದು ಅದೇ ಮೊದಲು.

ಸುಗುಣಳಿಗೆ ಹೇಗೆ ಹೇಳುವುದೆಂದು ಹೆದರಿದ್ದೆ. ಹಿಂದಿನ ವಾರ ಅವಳಿಗೆ ಡಾಕ್ಟರ ಮಾತು ಹೇಳಿದಾಗ, "ಡಾಕ್ಟರುಗಳು ಹಾಗೆ ಹೇಳದಿದ್ದರೆ ಅವರ ಹೊಟ್ಟೆ ತುಂಬುವುದು ಹೇಗೆ" ಎಂದು ನಕ್ಕಿದ್ದವಳು ಅವಳು. ಈಗ ಇಬ್ಬರದೂ ಒಂದೇ ಬರಿ ಎಂದ ಕೂಡಲೇ, "ಅಯ್ಯೋ ದೇವರೇ! ಹೌದಾ? ಸರಿಯಾದ್ದೇ ಮಾಡಿದೆ" ಎಂದಳು. ಸಂಘದ ಕಾರ್ಯದರ್ಶಿಯೂ ಅದನ್ನೇ ಹೇಳಿದರು. ಡಚೆಸಳ ಎಲುಬಿನ ವಿಷಯ ಒಬ್ಬರೂ ಕೇಳಲಿಲ್ಲ.

ಮರುವಾರ ಆಪರೇಷನ್ ಮಾಡಿಸಿದೆ. ಡಾಕ್ಟರ್ ಹುಡುಗಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಲ್ಲಿ ನೋಡಿ ಅಮ್ಮ, ಒಂದು ಮರಿಯೂ ಹೊರಗೆ ಬರ್ತಿರಲಿಲ್ಲ" ಎಂದಳು. ಸೊಂಟದ ಎಲುಬಿನ ನಡುವೆ ಇದ್ದದ್ದು ನನ್ನ ಎರಡು ಬೆರಳೂ ಹಿಡಿಯದಷ್ಟು ಜಾಗ. ಆಮೇಲೆ ಅವಳು ನನ್ನ ಕೈ ಹಿಡಿದು, "ಹೆಚ್ಚಿನವರು ನಾವು ಹೇಳಿದ್ದು ಕೇಳುವುದಿಲ್ಲ. ನೀವು ಕೇಳಿದ್ರಿ. ಹೊರಗೆ ಒಬ್ಬರು ಪಗ್ ತಂದು ಕೂತಿದ್ದಾರೆ, ಅದಕ್ಕೆ ಮರಿ ಹಾಕಿಸಬೇಕಂತೆ. ಅವರಿಗೆ ನೀವೇ ನಾಲ್ಕು ಮಾತು ಹೇಳಿ ಅಮ್ಮ" ಎಂದಳು.

ಹೇಳಿದೆ. ನಾಲ್ಕಲ್ಲ, ಅರ್ಧ ಗಂಟೆ ಹೇಳಿದೆ. ಎಲುಬು, ಉಸಿರು, ಮೊಣಕಾಲ ಚಿಪ್ಪು, ಎಲ್ಲ. ಆ ಮನುಷ್ಯ ಕಣ್ಣು ಬಿಟ್ಟುಕೊಂಡು ಕೇಳಿ, ಕೊನೆಗೆ ತನ್ನ ಪಗ್ಗನ್ನು ಎದೆಗೆ ಒತ್ತಿಕೊಂಡು, "ನೀವು ಡಾಕ್ಟರ್ ಹೇಳಿದ ಕೂಡಲೇ ಒಪ್ಪಿದಿರಾ?" ಎಂದು ಕೇಳಿದರು. "ಮತ್ತೆ? ವಿದ್ಯಾವಂತರು ಹೇಳಿದ್ದನ್ನು ಕೇಳಬೇಕಲ್ಲ" ಎಂದೆ. ಡಚೆಸ್ ಅಮಲಿನಲ್ಲಿ ನನ್ನ ಮಡಿಲಲ್ಲಿ ಮಲಗಿ ಗೊರೆಯುತ್ತಿದ್ದಳು. ಲೋಹಿತ ಅವತ್ತು ಬೇರೆ ಯಾವುದಾದರೂ ತಾಯಿಯ ಮಗನನ್ನು ತಂದಿದ್ದರೆ ನಾನು ಆರತಿ ಎತ್ತಿ ಒಳಗೆ ಕರೆಯುತ್ತಿದ್ದೆ, ಇಷ್ಟು ಹೊತ್ತಿಗೆ ಇವಳನ್ನು ಹಿತ್ತಲಲ್ಲಿ ಮಣ್ಣು ಮಾಡಿ ಆಗಿರುತ್ತಿತ್ತು. ಆ ಒಂದು ವಿಷಯವನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವರಿಗೆ ಹೇಳಿದೆ.